ರಜೆಯಲ್ಲಿ ಪ್ರಾಣಿ ಪಕ್ಷಿಗಳಿಗೆ ನಮ್ಮಿಂದ ಏನಾದೀತು? ಚಿಕ್ಕಮಗಳೂರು, ಹಾಸನ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಬಣಕಲ್ ಹತ್ತಿರದ ಸಣ್ಣ ಕಾಫಿ ತೋಟ. ಕೊಟ್ಟಿಗೆಯಲ್ಲಿ ನಾಲ್ಕು ದನ, ಅಂಗಳದಲ್ಲಿ ಎರಡು ನಾಯಿ, ತೋಟದ ಕೆಳಗೊಂದು ಹಳ್ಳ, ಹಳ್ಳ ದಾಟಿದರೆ ಕಾಡು. ದಸರಾ, ದೀಪಾವಳಿ, ಕ್ರಿಸ್‌ಮಸ್, ಬೇಸಿಗೆ ರಜೆ ಹತ್ತಿರ ಬಂದ ಹಾಗೆ ನೆಂಟರು, ಬೆಂಗಳೂರಿನ ಸ್ನೇಹಿತರು, ಹೋಂಸ್ಟೇ ನಡೆಸುವವರು, ಶಾಲೆಯ ಮೇಷ್ಟ್ರು ಒಬ್ಬೊಬ್ಬರಾಗಿ ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಪ್ರತಿಸಲ ಬಾಯಲ್ಲಿ ಹೇಳುತ್ತಿದ್ದುದನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಇಷ್ಟು ವರ್ಷದಲ್ಲಿ ನನಗೆ ಮನವರಿಕೆಯಾದದ್ದು ಇಷ್ಟೇ: ರಜೆಯಲ್ಲಿ ನಾವು ಪ್ರಾಣಿಗಳಿಗೆ ಮಾಡಬಹುದಾದ ಉಪಕಾರದಲ್ಲಿ ಮುಕ್ಕಾಲು ಪಾಲು, ಈಗ ಮಾಡುತ್ತಿರುವ ಏನನ್ನಾದರೂ ಬಿಡುವುದರಲ್ಲೇ ಇದೆ.

ನಮ್ಮ ರಜೆಗೂ ಪ್ರಾಣಿಗಳ ಕಷ್ಟಕ್ಕೂ ಏನು ಸಂಬಂಧ?

ನಮಗೆ ರಜೆ ಸಿಗುವ ದಿನಗಳೇ ಅವುಗಳಿಗೆ ಬಿಡುವಿಲ್ಲದ ದಿನಗಳು. ಡಿಸೆಂಬರ್ ಕೊನೆಯ ವಾರ ನೋಡಿ. ಗದ್ದೆಯಲ್ಲಿ ಭತ್ತದ ಕೊಯ್ಲು, ತೋಟದಲ್ಲಿ ಅರೇಬಿಕಾ ಹಣ್ಣು ಬಿಡಿಸುವ ಕೆಲಸ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಆನೆಗಳು ಭತ್ತದ ವಾಸನೆ ಹಿಡಿದು ತೋಟಕ್ಕೆ ಇಳಿದಿರುತ್ತವೆ. ಅದೇ ವಾರ ಹೋಂಸ್ಟೇಗಳೆಲ್ಲ ಭರ್ತಿ. ಆಗಸ್ಟ್ 15ರ ಸುತ್ತ ಸಾಲು ರಜೆ ಸಿಕ್ಕಿತೆಂದು ಜನ ಘಾಟಿಗೆ ಬರುವಾಗ ಮಳೆ ಜೋರಾಗಿರುತ್ತದೆ, ಕಪ್ಪೆ, ಹಾವು, ಏಡಿಗಳೆಲ್ಲ ರಸ್ತೆ ದಾಟುತ್ತಿರುತ್ತವೆ. ಏಪ್ರಿಲ್‌ನಲ್ಲಿ ಮಕ್ಕಳಿಗೆ ರಜೆ ಸಿಕ್ಕುವ ಹೊತ್ತಿಗೆ ಹಳ್ಳ ಬತ್ತಿ, ಗುಡ್ಡದ ಹುಲ್ಲು ಒಣಗಿ ಒಂದು ಕಿಡಿಗೆ ಕಾದಂತೆ ನಿಂತಿರುತ್ತದೆ.

ಚಾರ್ಮಾಡಿಯಲ್ಲಿ ಮಂಗಗಳು ಕೈಚಾಚಿ ಕೂತಿರುತ್ತವೆ. ಒಂದು ಬಾಳೆಹಣ್ಣು ಕೊಟ್ಟರೆ ಪುಣ್ಯ ಅಲ್ಲವೇ?

ಈ ಪ್ರಶ್ನೆ ಕೇಳುವವರ ಮನಸ್ಸು ಒಳ್ಳೆಯದೇ. ಆದರೂ ದಯವಿಟ್ಟು ಕೊಡಬೇಡಿ.

ಹೋದ ಮಳೆಗಾಲ ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಘಾಟಿ ಇಳಿಯುತ್ತಿದ್ದೆ. ತಿರುವಿನಲ್ಲಿ ನಾಲ್ಕೈದು ಕಾರು ನಿಂತಿದ್ದವು. ತಡೆಗೋಡೆಯ ಮೇಲೆ ಒಂದು ತಾಯಿ ಮಂಗ, ಹೊಟ್ಟೆಗೆ ಅಂಟಿಕೊಂಡ ಮರಿ. ತಾಯಿ ಚಿಪ್ಸ್ ಪ್ಯಾಕೆಟ್ಟನ್ನು ಒಳಹೊರಗು ಮಾಡಿ, ಬೆಳ್ಳಿ ಬಣ್ಣದ ಆ ಹಾಳೆಯನ್ನು ಹಲ್ಲಲ್ಲಿ ಎಳೆದೆಳೆದು ಉಪ್ಪು ನೆಕ್ಕುತ್ತಿತ್ತು. ಹರಿದ ಚೂರೊಂದು ಅದರ ತುಟಿಗೆ ಅಂಟಿತ್ತು. ಮರಿ ಕೈ ಚಾಚಿ ಆ ಚೂರನ್ನು ಕಿತ್ತು ತನ್ನ ಬಾಯಿಗೆ ಹಾಕಿಕೊಂಡಿತು. ಅಷ್ಟರಲ್ಲಿ ಇನ್ನೊಂದು ಕಾರಿನಿಂದ ಯಾರೋ ಬನ್ ಎಸೆದರು. ಅದು ರಸ್ತೆಯ ನಡುವೆ ಬಿತ್ತು, ಗುಂಪಿನ ಗಡವ ಅದರ ಹಿಂದೆ ಹಾರಿತು, ಕೆಳಗಿನಿಂದ ಬಂದ ಬಸ್ಸಿನವರು ಬ್ರೇಕ್ ಹಾಕಿದ್ದರಿಂದ ಉಳಿಯಿತು.

ನಮ್ಮ ಕಡೆ ರಸ್ತೆಬದಿ ಕಾಣುವ ಈ ಮಂಗ ದಕ್ಷಿಣ ಭಾರತಕ್ಕೇ ಸೇರಿದ್ದು, ಜಗತ್ತಿನ ಬೇರೆ ಕಡೆ ಕಾಡಿನಲ್ಲಿ ಕಾಣಸಿಗುವುದಿಲ್ಲ. ಚಿಗುರು, ಅತ್ತಿ ಹಣ್ಣು, ಹುಳಹುಪ್ಪಟೆ ಹುಡುಕುತ್ತ ದಿನವಿಡೀ ತಿರುಗುವುದು ಅದರ ಬದುಕು. ರಸ್ತೆಯಲ್ಲೇ ಊಟ ಸಿಕ್ಕರೆ ಗುಂಪು ಕಾಡು ಬಿಟ್ಟು ತಿರುವಿನಲ್ಲಿ ಠಿಕಾಣಿ ಹೂಡುತ್ತದೆ. ಆಮೇಲೆ ಮಗುವಿನ ಕೈಯಿಂದ ಕಿತ್ತುಕೊಳ್ಳುತ್ತದೆ, ಕಚ್ಚುತ್ತದೆ. ಆಗ ಊರವರು ಹಿಡಿಸಿ ಬೇರೆ ಕಡೆ ಬಿಡಿಸಿ ಎಂದು ಅರ್ಜಿ ಕೊಡುತ್ತಾರೆ. ಹಾಗೆ ಬಿಟ್ಟ ಮಂಗಗಳ ಪಾಡು ಬೇರೆಯೇ ಕತೆ. ಇಷ್ಟಕ್ಕೆಲ್ಲ ಮೊದಲ ಕಾರಣ ಕಿಟಕಿಯಿಂದ ಚಾಚಿದ ಆ ಬಾಳೆಹಣ್ಣು. ಪುಣ್ಯ ಬೇಕೆಂದರೆ ಒಂದು ಚೀಲ ತೆಗೆದುಕೊಂಡು ಹೋಗಿ, ನೀವು ನಿಂತ ಜಾಗದಲ್ಲಿ ಬಿದ್ದಿರುವ ಪ್ಯಾಕೆಟ್ ಹೆಕ್ಕಿಕೊಂಡು ಬನ್ನಿ.

ಕಾಡಿನಲ್ಲೋ ತೋಟದಲ್ಲೋ ಸತ್ತ ಮಂಗ ಕಂಡರೆ ಹೂಳಬೇಕೇ?

ಮುಟ್ಟಲೇಬೇಡಿ, ಹತ್ತಿರವೂ ಹೋಗಬೇಡಿ. ಅರಣ್ಯ ಇಲಾಖೆಗೆ ಅಥವಾ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಕ್ಷಣ ತಿಳಿಸಿ. ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ನಮ್ಮ ಜಿಲ್ಲೆಯ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಗೂ ಅದು ಬಂದಿದೆ. ಹರಡುವುದು ಉಣುಗಿನಿಂದ, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆಯಿಂದ. ಮಂಗ ಸತ್ತಾಗ ಮೈಮೇಲಿನ ಉಣುಗು ಉದುರಿ ಸುತ್ತಲಿನ ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಯಲ್ಲಿ, ಸೇರಿಕೊಳ್ಳುತ್ತದೆ. ಕಾಯಿಲೆಯ ಕಾಲ ಚಳಿಗಾಲದಿಂದ ಮೇ ತನಕ, ಅಂದರೆ ಚಾರಣಕ್ಕೆ ಜನ ಬರುವ ಕಾಲವೇ. ಕಾಡಿಗೆ ಹೋಗುವಾಗ ಉದ್ದ ತೋಳು, ಉದ್ದ ಪ್ಯಾಂಟು, ಬಂದ ಮೇಲೆ ಬಿಸಿನೀರ ಸ್ನಾನ. ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ನೀವು ಹೊತ್ತಿಗೆ ಸರಿಯಾಗಿ ಹೇಳಿದರೆ ಆ ಜಾಗದಲ್ಲಿ ಔಷಧಿ ಹೊಡೆದು ಉಳಿದ ಮಂಗಗಳನ್ನೂ ಮನುಷ್ಯರನ್ನೂ ಕಾಪಾಡಲು ದಾರಿಯಾಗುತ್ತದೆ.

ಗೋಪೂಜೆ ದಿನ ದನಕ್ಕೆ ಹೋಳಿಗೆ, ಕಡುಬು, ಅನ್ನ ಎಷ್ಟು ಕೊಡಬಹುದು?

ಅಂಗೈಯಗಲದ ಒಂದು ತುಂಡು. ಅದೂ ಹೊಟ್ಟೆ ತುಂಬ ಹುಲ್ಲು ತಿಂದ ಮೇಲೆ.

ಇದನ್ನು ನಾನು ಕಲಿತದ್ದು ನಮ್ಮ ಗಂಗೆಯಿಂದ. ಸುಮಾರು ಹತ್ತು ವರ್ಷದ ಹಿಂದಿನ ದೀಪಾವಳಿ. ಬೆಳಿಗ್ಗೆ ಮೈತೊಳೆದು, ಜೇಡಿ ಕೆಮ್ಮಣ್ಣಿನ ಮುದ್ರೆ ಹಾಕಿ, ಚೆಂಡುಹೂವಿನ ಹಾರ ಕಟ್ಟಿ ಪೂಜೆ ಮಾಡಿದೆವು. ನಾನೊಂದು ಎಲೆ ನೈವೇದ್ಯ ಕೊಟ್ಟೆ. ನಾದಿನಿ ತನ್ನ ಹರಕೆಯೆಂದು ಇನ್ನೊಂದು ಕೊಟ್ಟಳು. ತೋಟದ ಕೆಲಸಗಾರರ ಲೈನ್ ಮನೆಗಳ ಮಕ್ಕಳು ಒಬ್ಬೊಬ್ಬರೂ ಒಂದೊಂದು ಹೋಳಿಗೆ ತಂದರು. ಅತ್ತೆ ಉಳಿದ ಅನ್ನವನ್ನೆಲ್ಲ ಅಕ್ಕಚ್ಚಿಗೆ ಸುರಿದರು. ಯಾರು ಎಷ್ಟು ಕೊಟ್ಟರು ಎಂದು ಯಾರೂ ಲೆಕ್ಕ ಇಡಲಿಲ್ಲ. ರಾತ್ರಿ ಹನ್ನೊಂದಕ್ಕೆ ಕೊಟ್ಟಿಗೆಗೆ ಹೋದರೆ ಗಂಗೆ ಮೆಲುಕು ಹಾಕುತ್ತಿಲ್ಲ. ಎಡಗಡೆಯ ಪಕ್ಕೆ ಡೋಲಿನ ಹಾಗೆ ಬಿಗಿದಿತ್ತು. ಹಲ್ಲು ಕಡಿಯುವ ಸದ್ದು ಕೇಳಿಸುತ್ತಿತ್ತು, ಸಗಣಿ ತೆಳ್ಳಗಾಗಿ ಹುಳಿ ವಾಸನೆ. ಬೆಳಗಿನ ಜಾವದ ಹೊತ್ತಿಗೆ ಕಾಲು ಮಡಿಸಿ ಕೂತವಳು ಏಳಲೇ ಇಲ್ಲ. ಡಾಕ್ಟರು ಬಂದು ನಳಿಗೆ ಇಳಿಸಿ, ಅಡುಗೆ ಸೋಡಾ ಕಲಸಿದ ನೀರು ಕೊಟ್ಟು, ಬಾಟಲಿ ಹಾಕಿದರು. ಐದು ದಿನ ಬೇಕಾಯಿತು ಅವಳು ಮತ್ತೆ ಹುಲ್ಲಿಗೆ ಬಾಯಿ ಹಾಕಲು. ಅವಳ ಪಕ್ಕ ಗೋಣಿ ಹಾಸಿಕೊಂಡು ಕೂತ ಆ ರಾತ್ರಿಯನ್ನು ನಾನು ಮರೆತಿಲ್ಲ.

ದನದ ದೊಡ್ಡ ಹೊಟ್ಟೆಯಲ್ಲಿ ಹುಲ್ಲು ಕರಗಿಸುವ ಸೂಕ್ಷ್ಮಜೀವಿಗಳ ಸಂಸಾರವೇ ಇದೆ. ಅಕ್ಕಿ, ಬೇಳೆ, ಬೆಲ್ಲ ಒಮ್ಮೆಲೇ ಬಿದ್ದರೆ ಹುಳಿ ಮಾಡುವ ಜಾತಿಯವು ಹೆಚ್ಚಿ, ಹುಲ್ಲು ಕರಗಿಸುವವು ಸಾಯುತ್ತವೆ. ಹುಳಿ ರಕ್ತಕ್ಕೂ ಸೇರಿದರೆ ಒಂದೆರಡು ದಿನದಲ್ಲಿ ಜೀವವೇ ಹೋಗಬಹುದು. ಹಬ್ಬದ ಮಾರನೆಯ ದಿನ ಪಶುವೈದ್ಯರಿಗೆ ಊಟಕ್ಕೂ ಪುರಸೊತ್ತು ಇರುವುದಿಲ್ಲ.

ಈಗ ನಮ್ಮ ಮನೆಯಲ್ಲಿ ಪೂಜೆಗೆ ಮುಂಚೆ ಹಸಿಹುಲ್ಲು. ನೈವೇದ್ಯ ತಿನ್ನಿಸುವುದು ಒಬ್ಬರೇ. ಉಳಿದವರೆಲ್ಲ ಗೊಂಡೆಹುಲ್ಲೋ ಬಾಳೆ ಎಲೆಯೋ ಹಿಡಿದು ಕೊಟ್ಟು ಕೈಮುಗಿಯುತ್ತಾರೆ. ಹಾರ ಕಟ್ಟಲು ತಂತಿ ಬೇಡ, ಬಾಳೆನಾರು ಸಾಕು. ಕೊಂಬಿಗೆ ಆಯಿಲ್ ಪೇಂಟ್ ಬಳಿಯುವುದನ್ನೂ ಬಿಡಿ. ಕೆಮ್ಮಣ್ಣು ನಮ್ಮ ಗುಡ್ಡದಲ್ಲೇ ಇದೆ.

ಹಬ್ಬದ ಎಲೆ, ಉಳಿದ ಅಡುಗೆ ಎಲ್ಲಿ ಹಾಕಬೇಕು?

ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಎಸೆಯಬೇಡಿ, ಅದೊಂದೇ ನನ್ನ ಬೇಡಿಕೆ. ಬೀದಿ ದನಕ್ಕೆ ಗಂಟು ಬಿಚ್ಚಲು ಬರುವುದಿಲ್ಲ, ಚೀಲದ ಸಮೇತ ನುಂಗುತ್ತದೆ. ಹಾಸನಾಂಬೆಯ ದರ್ಶನಕ್ಕೆ ವರ್ಷಕ್ಕೊಮ್ಮೆ ಬಾಗಿಲು ತೆರೆದಾಗ ಸಾವಿರಾರು ಜನ ಸೇರುತ್ತಾರೆ, ದೀಪಾವಳಿಯೂ ಅದೇ ಹೊತ್ತಿಗೆ. ಆಗ ಬೀದಿ ಬದಿ ಬೀಳುವ ಪ್ರಸಾದದ ಕವರು, ತಟ್ಟೆ, ಬಾಟಲಿ ದನ ನಾಯಿಗಳ ಬಾಯಿಗೇ ಹೋಗುವುದು. ದರ್ಶನಕ್ಕೆ ಬರುವವರು ಸ್ಟೀಲ್ ಡಬ್ಬಿಯೊಂದನ್ನು ಕೈಚೀಲದಲ್ಲಿ ಇಟ್ಟುಕೊಂಡರೆ ಆಯಿತು. ಮನೆಯಲ್ಲಾದರೆ ಎಲೆಯನ್ನು ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಒಂದು ಬುಟ್ಟಿ ದರಗು ಸುರಿಯಿರಿ.

ಪಟಾಕಿ ಪೂರ್ತಿ ಬಿಡಲು ಮಕ್ಕಳು ಒಪ್ಪುವುದಿಲ್ಲ. ಏನು ಮಾಡೋಣ?

ಸದ್ದಿನದ್ದು ಬಿಡಿ, ಬೆಳಕಿನದ್ದು ಇರಲಿ. ಹೂಕುಂಡ, ಭೂಚಕ್ರ, ಸುರ್‌ಸುರ್ ಬತ್ತಿ ಸಾಕೆಂದು ಮೊದಲೇ ಮಾತಾಡಿ ಅಂಗಡಿಗೆ ಹೋದರೆ ಮಕ್ಕಳು ಒಪ್ಪುತ್ತಾರೆ. ಸುಪ್ರೀಂ ಕೋರ್ಟ್ 2018ರಲ್ಲಿ ದೀಪಾವಳಿ ಪಟಾಕಿಗೆ ರಾತ್ರಿ 8ರಿಂದ 10 ಎಂದು ಹೊತ್ತು ಗೊತ್ತುಮಾಡಿ, ಹಸಿರು ಪಟಾಕಿಯಷ್ಟೇ ಇರಲಿ ಎಂದಿದೆ. ಆ ಹೊತ್ತಿನೊಳಗೇ ಮುಗಿಸಿ. ಹಕ್ಕಿಗಳು ಕತ್ತಲಾದ ಮೇಲೆ ಗೂಡು ಸೇರಿರುತ್ತವೆ. ಸರಪಟಾಕಿಗೆ ಬೆದರಿ ಕತ್ತಲಲ್ಲಿ ಎದ್ದು ಹಾರಿದರೆ ತಂತಿಗೋ ಗೋಡೆಗೋ ಬಡಿಯುತ್ತವೆ. ಆಲ, ಗೋಣಿ ಮರದಂಥ ದೊಡ್ಡ ಮರದ ಬುಡದಲ್ಲಿ, ದನದ ಕೊಟ್ಟಿಗೆಯ ಹತ್ತಿರ ಹಚ್ಚಲೇಬೇಡಿ.

ನಾಯಿಯನ್ನು ಸಂಜೆ ಆರಕ್ಕೇ ತಿರುಗಾಡಿಸಿ, ಉಣಿಸಿ, ಮನೆಯ ಒಳಕೋಣೆಗೆ ಸೇರಿಸಿ. ಕಿಟಕಿ ಮುಚ್ಚಿ ರೇಡಿಯೋ ಹಾಕಿ. ಮಂಚದ ಕೆಳಗೆ ಹೋಗಿ ಕೂತರೆ ಎಳೆಯಬೇಡಿ, ಅಲ್ಲೇ ಇರಲಿ. ಸರಪಳಿ ಹಾಕಿ ಹೊರಗೆ ಕಟ್ಟಿದ ನಾಯಿ ಬೆದರಿ ಎಳೆದಾಡಿ ಕುತ್ತಿಗೆ ಗಾಯ ಮಾಡಿಕೊಳ್ಳುತ್ತದೆ. ಬೀದಿನಾಯಿಗಳಿಗೆ ಅಂದು ರಾತ್ರಿ ಗೇಟು ತೆರೆದಿಟ್ಟು ಜಗಲಿಯಲ್ಲಿ ಗೋಣಿಚೀಲ ಹಾಸಿದರೂ ದೊಡ್ಡ ಉಪಕಾರ.

ನಾಯಿಗೆ ಪಾಯಸ, ಚಾಕೊಲೇಟ್?

ಬೇಡ. ಚಾಕೊಲೇಟ್, ಈರುಳ್ಳಿ ನಾಯಿಗೆ ವಿಷ. ಪಾಯಸದ ಒಣದ್ರಾಕ್ಷಿ ಅದರ ಮೂತ್ರಪಿಂಡ ಕೆಡಿಸಬಲ್ಲದು.

ಗಣಪತಿ, ನಾಗರಪಂಚಮಿಯಲ್ಲಿ ಗಮನಿಸಬೇಕಾದದ್ದು ಏನು?

ಬಣ್ಣವಿಲ್ಲದ ಜೇಡಿಮಣ್ಣಿನ ಗಣಪತಿ ತನ್ನಿ. ಬಕೆಟ್‌ನಲ್ಲಿ ಬಿಟ್ಟು ನೀರನ್ನು ಗಿಡಕ್ಕೆ ಹಾಕಿ. ಕೆರೆಗೆ ಬಿಡುವ ಊರಿನಲ್ಲಾದರೆ ಹಾರ, ಥರ್ಮೋಕೋಲ್ ಬಿಚ್ಚಿ ದಡದಲ್ಲೇ ಇಡಿ. ಪಿಒಪಿ ಮೂರ್ತಿ ಕರಗುವುದಿಲ್ಲ, ಅದರ ಬಣ್ಣ ಮೀನಿಗೂ ಆಮೆಗೂ ಕುತ್ತು.

ಹಾವು ಹಾಲು ಕುಡಿಯುವ ಪ್ರಾಣಿಯಲ್ಲ. ಬುಟ್ಟಿಯಲ್ಲಿ ನಾಗರಹಾವು ತಂದು ಹಾಲೆರೆಸುವವರು ಅದರ ಹಲ್ಲು ಕಿತ್ತು, ದಿನಗಟ್ಟಲೆ ನೀರು ಕೊಡದೆ ಬಾಯಾರಿಸಿ ತಂದಿರುತ್ತಾರೆ. ಆ ಬಾಯಾರಿಕೆಗೆ ಅದು ಸಿಕ್ಕಿದ್ದನ್ನು ಕುಡಿದು ಸಾಯುತ್ತದೆ. ನಾಗರಕಲ್ಲಿಗೆ ಎರೆಯಿರಿ, ಹುತ್ತದೊಳಗೆ ಹಾಲು ಸುರಿಯಬೇಡಿ. ಭೂಮಿ ಹುಣ್ಣಿಮೆ ಮಾಡುವ ಮನೆಗಳಲ್ಲಿ ನೂರೊಂದು ಕುಡಿ ಸೊಪ್ಪಿನ ಅಡುಗೆ ಮಾಡಿ ನಸುಕಿನಲ್ಲೇ ಗದ್ದೆಗೆ ಬೀರುತ್ತಾರಲ್ಲ, ಕಾಗೆಗೆ ಇಲಿಗೆ ಎಂದು ಪಾಲು ಇಟ್ಟು ಬರುತ್ತಾರಲ್ಲ, ಆ ಪದ್ಧತಿ ನನಗೆ ತುಂಬ ಇಷ್ಟ. ಬಿಡದೆ ಮಾಡಿ.

ಜಾತ್ರೆಯಲ್ಲಿ ಗಿಳಿ ಮಾರುತ್ತಾರೆ. ಕೊಂಡು ಹಾರಿಬಿಟ್ಟರೆ?

ನೀವು ಕೊಂಡ ಒಂದು ಗಿಳಿಯ ದುಡ್ಡಿನಲ್ಲಿ ಅವರು ಇನ್ನೂ ನಾಲ್ಕು ಪೊಟರೆಗೆ ಕೈಹಾಕುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮ ಗಿಳಿಯನ್ನು ಹಿಡಿಯುವುದು, ಮಾರುವುದು, ಸಾಕುವುದು ಎಲ್ಲವೂ ಅಪರಾಧ. ನಕ್ಷತ್ರ ಆಮೆಗೂ ಇದೇ ಮಾತು. ದೀಪಾವಳಿ ಅಮಾವಾಸ್ಯೆ ಹತ್ತಿರ ಬಂದಂತೆ ಗೂಬೆ, ಕಾಡುಪಾಪಗಳನ್ನು ಮಾಟಮಂತ್ರಕ್ಕೆಂದು ಹುಡುಕಿಕೊಂಡು ಬರುವವರೂ ಇದ್ದಾರೆ. ಎರಡು ತಲೆ ಹಾವಿಗೆ ಲಕ್ಷಗಟ್ಟಲೆ ಬೆಲೆ ಎಂಬ ಸುದ್ದಿ ಇನ್ನೂ ಸತ್ತಿಲ್ಲ. ಪಾಪ, ಅದಕ್ಕಿರುವುದು ಒಂದೇ ತಲೆ, ಮೊಂಡು ಬಾಲ. ಮಣ್ಣಿನಲ್ಲಿ ಇಲಿ ಹಿಡಿದು ಬದುಕುವ ಸಾಧು ಹಾವು. ಅಂಥ ವ್ಯಾಪಾರದ ಮಾತು ಕಿವಿಗೆ ಬಿದ್ದರೆ ಸುಮ್ಮನಿರಬೇಡಿ, ಅರಣ್ಯ ಇಲಾಖೆಗೆ ಹೇಳಿ.

ಸಕಲೇಶಪುರ ಕಡೆ ಹೋಂಸ್ಟೇಗೆ ಬರುತ್ತಿದ್ದೇವೆ. ಆನೆ ವಿಷಯದಲ್ಲಿ ನಾವೇನು ಮಾಡಬೇಕು?

ಮೊದಲು ಒಂದು ಮಾತು. ನೀವು ಎರಡು ರಾತ್ರಿ ಉಳಿದು ಹೋಗುವ ಜಾಗದಲ್ಲಿ ಹಣ್ಣು ಬಿಡಿಸುವ ಹೆಂಗಸರು ಬೆಳಿಗ್ಗೆ ಏಳಕ್ಕೇ ಮಂಜಿನಲ್ಲಿ ನಡೆದು ತೋಟಕ್ಕೆ ಹೋಗುತ್ತಾರೆ. ರಾತ್ರಿ ಹನ್ನೆರಡಕ್ಕೆ ನೀವು ಹೊಸ ವರ್ಷದ ಪಟಾಕಿ ಹೊಡೆದಿರಿ ಎನ್ನಿ. ಕೆಳಗಿನ ತೋಟದಲ್ಲಿ ಮೇಯುತ್ತಿದ್ದ ಆನೆ ಹಿಂಡು ಬೆದರಿ ದಿಕ್ಕು ತಪ್ಪಿ ಲೈನ್ ಮನೆಗಳ ಕಡೆ ನುಗ್ಗುತ್ತದೆ. ಬೆಳಿಗ್ಗೆ ಅದು ಎಲ್ಲಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಮರಿ ಜೊತೆಗಿದ್ದರಂತೂ ತಾಯಿಗೆ ಸಿಟ್ಟು ಇಳಿದಿರುವುದಿಲ್ಲ. ಎದುರಾಗುವವರು ನೀವಲ್ಲ, ಆ ಹೆಂಗಸರು.

ಆನೆ ಮನುಷ್ಯರ ಜಗಳದಲ್ಲಿ ನಮ್ಮ ಕಡೆ ಎರಡೂ ಕಡೆಯ ಜೀವ ಹೋಗಿದೆ. ಎಂಟು ಸಲ ದಸರಾ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತದ್ದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲೇ. ಆ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲು ಮನಸ್ಸಾಗಲಿಲ್ಲ.

ಹೋಂಸ್ಟೇ ಬುಕ್ ಮಾಡುವಾಗಲೇ ಕೇಳಿ: ಡಿಜೆ ಇದೆಯೇ, ರಾತ್ರಿ ಜೀಪಿನಲ್ಲಿ ಪ್ರಾಣಿ ತೋರಿಸುತ್ತೀರಾ? ಹೌದೆಂದರೆ ಬೇರೆ ಮನೆ ನೋಡಿ. ಬಂದ ಮೇಲೆ ಆನೆ ಎಲ್ಲಿದೆ ಎಂದು ಮನೆಯವರನ್ನು ವಿಚಾರಿಸಿ. ಅರಣ್ಯ ಇಲಾಖೆಯ ಮೆಸೇಜು, ವಾಟ್ಸಾಪ್ ಗುಂಪು, ರಸ್ತೆಬದಿಯ ಫಲಕ ಎಲ್ಲವೂ ಅದಕ್ಕೆಂದೇ ಇವೆ. ಕತ್ತಲಾದ ಮೇಲೆ ತೋಟದೊಳಗೆ ನಡೆಯಬೇಡಿ. ರಸ್ತೆಯಲ್ಲಿ ಎದುರಾದರೆ ದೂರದಲ್ಲೇ ನಿಲ್ಲಿಸಿ. ಹಾರ್ನ್ ಬೇಡ, ಹೈಬೀಮ್ ಬೇಡ. ಕಾರಿನಿಂದ ಇಳಿದು ವಿಡಿಯೋ ಮಾಡುವುದಂತೂ ಬೇಡವೇ ಬೇಡ. ಹಿಂದೆ ಜಾಗವಿದ್ದರೆ ನಿಧಾನ ರಿವರ್ಸ್ ತೆಗೆಯಿರಿ. ಅದು ದಾಟಿದ ಮೇಲೂ ಐದು ನಿಮಿಷ ಕಾಯಿರಿ, ಹಿಂದೆ ಇನ್ನೊಂದು ಬರುತ್ತಿರಬಹುದು.

ನಾವೇ ಹೋಂಸ್ಟೇ ನಡೆಸುತ್ತೇವೆ. ನಮಗೇನು ಹೇಳುತ್ತೀರಿ?

ಹಲಸು ಹಣ್ಣಾಗುವ ಮೊದಲೇ ಮನೆ ಸುತ್ತಲಿನ ಮರದಿಂದ ಇಳಿಸಿ. ಹಣ್ಣಿನ ವಾಸನೆಗೆ ಆನೆ ಅಂಗಳಕ್ಕೇ ಬರುತ್ತದೆ. ಹೊರಗಿನ ಫ್ಲಡ್‌ಲೈಟು ರಾತ್ರಿಯಿಡೀ ಉರಿಯಬೇಕಿಲ್ಲ. ಅಡುಗೆಮನೆ ತ್ಯಾಜ್ಯವನ್ನು ತೋಟದ ಅಂಚಿಗೆ ಸುರಿದರೆ ಹಂದಿ ಬರುತ್ತದೆ, ನಾಯಿ ಬರುತ್ತದೆ, ನಾಯಿ ಹುಡುಕಿಕೊಂಡು ಚಿರತೆ ಬರುತ್ತದೆ. ಆಮೇಲೆ ಚಿರತೆ ಕಾಟ ಎಂದು ಬೋನು ಇಡಿಸುವುದು ಯಾವ ನ್ಯಾಯ ಮಾರಾಯ್ರೆ? ನಾಯಿಗಳನ್ನು ರಾತ್ರಿ ಬಾಗಿಲು ಇರುವ ಗೂಡಿಗೆ ಹಾಕಿ. ಮರ ಕಡಿದ ಕಡೆ ಸಿಲ್ವರ್ ಓಕ್ ಬದಲು ಅತ್ತಿ, ಬಸರಿ, ನೇರಳೆ ನೆಡಿ. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ, ಮೆಣಸಿನ ಬಳ್ಳಿಗೆ ಆದೀತು, ಮಂಗಟ್ಟೆ ಹಕ್ಕಿಗೆ ಅದರಿಂದ ಏನೂ ಸಿಕ್ಕದು. ಅತ್ತಿ ಹಣ್ಣಾದ ದಿನ ಮರದ ಕೆಳಗೆ ನಿಂತು ನೋಡಿ, ಮಂಗಟ್ಟೆ, ಕೆಂದಳಿಲು, ಪಿಕಳಾರ, ರಾತ್ರಿ ಬಾವಲಿ, ಕೆಳಗೆ ಉದುರಿದ್ದಕ್ಕೆ ಕಡವೆ. ಅತಿಥಿಗಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯದು ಏನಿದೆ?

ಮಳೆಗಾಲದಲ್ಲಿ ರಾತ್ರಿ ಘಾಟಿ ದಾಟಬಹುದೇ?

ಹಗಲಲ್ಲೇ ದಾಟುವ ಹಾಗೆ ಹೊರಡಿ. ಮಳೆ ಹನಿಯುವ ರಾತ್ರಿ ಡಾಂಬರಿನ ಮೇಲೆ ಕಪ್ಪೆಗಳು ಕೂತಿರುತ್ತವೆ, ಬೆಳಕು ಬಿದ್ದರೆ ಮಿಸುಕದೆ ಹಾಗೇ ಇರುತ್ತವೆ. ಪಶ್ಚಿಮ ಘಟ್ಟದಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದ ಜಾತಿಯವು ಅವುಗಳಲ್ಲಿ ಎಷ್ಟೋ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿನ ರಸ್ತೆಯಲ್ಲಿ ಚೆಕ್‌ಪೋಸ್ಟಿನವರು ಹೊತ್ತು ಬರೆದ ಚೀಟಿ ಕೊಡುವುದು ನೀವು ನಡುವೆ ನಿಲ್ಲಬಾರದೆಂದೇ. ಅಲ್ಲಿ ಹಾಡು ಹಾಕಿ ಕುಣಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. 2005ರ ಕೊನೆಗೆ ಗಣಿ ನಿಂತ ಮೇಲೆ ಉಸಿರಾಡುತ್ತಿರುವ ಕಾಡು ಅದು.

ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆ ಬರೀ ಹುಲ್ಲುಗುಡ್ಡ. ಅಲ್ಲಿ ಯಾವ ಪ್ರಾಣಿ ಇದೆ?

ಬರೀ ಹುಲ್ಲು ಎನ್ನಬೇಡಿ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ, ಅದರ ಸುತ್ತಲಿನ ಹುಲ್ಲುಗಾವಲೂ ಕಣಿವೆಯ ಶೋಲಾ ಕಾಡೂ ಸೇರಿ ಮಳೆನೀರು ಹಿಡಿದಿಟ್ಟುಕೊಂಡು ವರ್ಷವಿಡೀ ಹಳ್ಳಗಳಿಗೆ ಬಿಡುತ್ತವೆ. ಕಾಟಿ, ಕಡವೆ ಮೇಯುವುದು ಅಲ್ಲಿ. ಹುಲ್ಲಿನ ಬುಡದಲ್ಲೇ ಗೂಡು ಕಟ್ಟುವ ಪುಟ್ಟ ಹಕ್ಕಿಗಳಿವೆ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ 2022ರಲ್ಲಿ ಅರಳಿದಾಗ ಫೋಟೋಗಾಗಿ ಗಿಡಗಳ ನಡುವೆ ಮಲಗಿದವರನ್ನು ನೋಡಿ ಕಣ್ಣೀರು ಬಂತು. ಬೀಜ ಕಟ್ಟುವ ಮೊದಲೇ ತುಳಿದರೆ ಮುಂದಿನ ಹೂವು ಎಲ್ಲಿಂದ?

ಜೀಪು, ಬೈಕು ಹುಲ್ಲಿನ ಮೇಲೆ ಹತ್ತಿಸಬೇಡಿ. ಒಂದು ಚಕ್ರದ ಗುರುತು ಮುಂದಿನ ಮಳೆಗೆ ಕೊರಕಲಾಗುತ್ತದೆ. ಗಿರಿಗೆ ಹೋಗಲು ಮುಂಗಡ ನೋಂದಣಿಯ ನಿಯಮ ನೋಡಿಕೊಂಡು ಹೊರಡಿ, ಜನ ತುಂಬಿದ ದಿನವಾದರೆ ಬೇರೆ ದಿನ ಹೋಗಿ. ಜನವರಿಯಿಂದ ಮಳೆ ಬೀಳುವ ತನಕ ಬೀಡಿ, ಸಿಗರೇಟು, ಕ್ಯಾಂಪ್‌ಫೈರ್ ಯಾವುದೂ ಗುಡ್ಡದಲ್ಲಿ ಬೇಡ. ಬೆಂಕಿ ಬಿದ್ದರೆ ಗಾಳಿಗೆ ಒಂದು ಗುಡ್ಡದಿಂದ ಇನ್ನೊಂದಕ್ಕೆ ಓಡುತ್ತದೆ, ಆರಿಸಲು ಸೊಪ್ಪಿನ ಕೊಂಬೆ ಹಿಡಿದು ಹೋಗುವವರು ನಮ್ಮೂರಿನ ಹುಡುಗರೇ.

ಭದ್ರಾ ಹಿನ್ನೀರಿಗೆ ಬೇಸಿಗೆಯಲ್ಲಿ ಹೋದರೆ?

ಭದ್ರಾ 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಬೇಸಿಗೆಯಲ್ಲಿ ಲಕ್ಕವಳ್ಳಿ ಹಿನ್ನೀರು ಇಳಿದಾಗ ನಡುಗಡ್ಡೆಗಳು ನೀರಿನಿಂದ ಮೇಲೆ ಕಾಣಿಸಿಕೊಳ್ಳುತ್ತವೆ. ಅಲ್ಲಿ ನದಿ ರೀವ ಹಕ್ಕಿಗಳು ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ದೋಣಿ ತೀರ ಹತ್ತಿರ ಹೋದರೆ ತಾಯಿ ಎದ್ದು ಹಾರುತ್ತದೆ, ಆ ಬಿಸಿಲಿಗೆ ಮೊಟ್ಟೆ ನಿಮಿಷಗಳಲ್ಲಿ ಬೇಯುತ್ತದೆ. ದೋಣಿಯವರಿಗೆ ‘ಇನ್ನೂ ಹತ್ತಿರ’ ಎನ್ನದೆ ಇರುವುದೇ ನಿಮ್ಮ ಸಹಾಯ. ಶೆಟ್ಟಿಹಳ್ಳಿಯ ಹಳೆ ಚರ್ಚಿನ ಹತ್ತಿರ, ಹೇಮಾವತಿ ಹಿನ್ನೀರಿನಲ್ಲಿ ಡ್ರೋನ್ ಹಾರಿಸುವವರಿಗೂ ಇದೇ ಮಾತು.

ನಮ್ಮದು ಬಯಲುಸೀಮೆ, ಕಡೂರು ಅರಸೀಕೆರೆ ಕಡೆ. ನಮ್ಮಲ್ಲಿ ಕಾಡೆಲ್ಲಿದೆ?

ಹಾಗೆನ್ನಬೇಡಿ. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲಿನಲ್ಲಿ, ಅಂದರೆ ದನ ಮೇಯಲೆಂದು ಬಿಟ್ಟ ಹುಲ್ಲುಗಾವಲಿನಲ್ಲಿ, ಕೃಷ್ಣಮೃಗಗಳಿವೆ, ಅರಸೀಕೆರೆಯ ಬಂಡೆಗುಡ್ಡಗಳಲ್ಲಿ ಕರಡಿಗಳಿವೆ. ಎರಡಕ್ಕೂ ಸಂರಕ್ಷಣಾ ಮೀಸಲು ಘೋಷಣೆಯಾಗಿದೆ. ಕಾವಲನ್ನು ಖಾಲಿ ಜಾಗವೆಂದು ಬೈಕ್ ರೇಸಿಗೆ, ಪಾರ್ಟಿಗೆ ಬಳಸಬೇಡಿ. ಹುಲ್ಲಿನಲ್ಲಿ ಮರಿ ಮಲಗಿಸಿ ತಾಯಿ ಮೇಯಲು ಹೋಗಿರುತ್ತದೆ. ಒಂಟಿ ಮರಿ ಕಂಡರೆ ಅನಾಥವೆಂದು ಎತ್ತಿ ತರಬೇಡಿ. ಗುಡ್ಡದ ದೇವರಿಗೆ ಹೋದವರು ಬೆಲ್ಲ, ಹಣ್ಣು, ಎಡೆ ಅಲ್ಲೇ ಚೆಲ್ಲಿ ಬಂದರೆ ಕರಡಿ ಅದನ್ನು ರೂಢಿ ಮಾಡಿಕೊಂಡು ಊರಿಗೇ ಇಳಿಯುತ್ತದೆ. ಆಷಾಢದಲ್ಲಿ ಗಾಳಿಪಟ ಹಾರಿಸುವವರು ನೈಲಾನ್ ಮಾಂಜಾ ಮುಟ್ಟಬೇಡಿ, ಅದಕ್ಕೆ ನಿಷೇಧವೂ ಇದೆ. ಹತ್ತಿ ದಾರವೇ ಸಾಕು, ಹರಿದು ಮರಕ್ಕೆ ಸಿಕ್ಕಿದ್ದನ್ನು ಬಿಡಿಸಿ ತನ್ನಿ.

ಹಕ್ಕಿಮರಿ ಕೆಳಗೆ ಬಿದ್ದಿದೆ. ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದಂತೆ?

ಅದು ಬರೀ ನಂಬಿಕೆ, ಮನುಷ್ಯರ ವಾಸನೆಗೆ ತಾಯಿ ಮರಿ ಬಿಡುವುದಿಲ್ಲ. ಮರಿಗೆ ಪುಕ್ಕ ಬಂದಿದ್ದರೆ ಅದು ಹಾರಲು ಕಲಿಯುತ್ತಿದೆ, ಬೆಕ್ಕು ನಾಯಿ ದೂರವಿಟ್ಟು ಹತ್ತಿರದ ಕೊಂಬೆಗೆ ಏರಿಸಿ ಬನ್ನಿ. ಪುಕ್ಕವೇ ಇಲ್ಲದ ಮರಿಯಾದರೆ ಗೂಡಿಗೆ ಹಿಂತಿರುಗಿಸಿ. ಗೂಡು ಹರಿದಿದ್ದರೆ ತೂತಿರುವ ಸಣ್ಣ ಬುಟ್ಟಿಗೆ ಒಣಹುಲ್ಲು ಹಾಸಿ ಅದೇ ಮರಕ್ಕೆ ಕಟ್ಟಿ, ದೂರ ನಿಂತು ಒಂದೆರಡು ಗಂಟೆ ಕಾಯಿರಿ. ನಮ್ಮ ರೊಬಸ್ಟಾ ಗಿಡದಲ್ಲಿ ಪಿಕಳಾರದ ಗೂಡು ಬಿದ್ದಾಗ ಹೀಗೇ ಮಾಡಿದ್ದೆ. ನಲವತ್ತು ನಿಮಿಷಕ್ಕೆ ತಾಯಿ ಬಾಯಲ್ಲಿ ಹಸಿರು ಹುಳ ಹಿಡಿದು ಬಂತು. ಬಾಯಿಗೆ ನೀರು, ಹಾಲು ಹನಿಸಬೇಡಿ, ಶ್ವಾಸಕ್ಕೆ ಹೋಗುತ್ತದೆ.

ಹಾವು ಒಳಗೆ ಬಂದರೆ?

ಎಲ್ಲರೂ ಹೊರಗೆ ಬನ್ನಿ, ಒಬ್ಬರು ದೂರದಿಂದ ಅದರ ಮೇಲೆ ಕಣ್ಣಿಟ್ಟಿರಿ, ಊರಿನಲ್ಲಿ ಹಾವು ಹಿಡಿಯಲು ಕಲಿತವರನ್ನು ಅಥವಾ ಅರಣ್ಯ ಇಲಾಖೆಯವರನ್ನು ಕರೆಯಿರಿ. ನಮ್ಮ ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಜಾತಿ ಎಂದು 2024ರಲ್ಲಿ ವಿಜ್ಞಾನಿಗಳು ಹೆಸರಿಟ್ಟಾಗ ಕನ್ನಡದ ‘ಕಾಳಿಂಗ’ವನ್ನೇ ಇಟ್ಟರು. ನನಗಂತೂ ಎದೆ ತುಂಬಿ ಬಂತು. ಅದು ತಿನ್ನುವುದು ಮುಖ್ಯವಾಗಿ ಬೇರೆ ಹಾವುಗಳನ್ನೇ, ದಾರಿ ಬಿಟ್ಟರೆ ತಾನಾಗಿ ಹೋಗುತ್ತದೆ.

ಗಾಯಗೊಂಡ ಪ್ರಾಣಿ ಕಂಡರೆ ಯಾರಿಗೆ ಫೋನ್ ಮಾಡಬೇಕು?

ಕಾಡುಪ್ರಾಣಿಗೆ ಅರಣ್ಯ ಸಹಾಯವಾಣಿ 1926. ದನ, ಎಮ್ಮೆ, ಕುರಿಗಳಿಗೆ ಪಶುಪಾಲನಾ ಇಲಾಖೆಯ 1962. ಎರಡೂ ಒಂದೇ ಥರ ಕಾಣುವುದರಿಂದ ಗಾಬರಿಯಲ್ಲಿ ಅದಲುಬದಲಾಗುತ್ತದೆ, ಹೆಸರು ಹಾಕಿ ಫೋನಿನಲ್ಲಿ ಈಗಲೇ ಉಳಿಸಿಕೊಳ್ಳಿ. ಹಕ್ಕಿಯಂಥ ಸಣ್ಣ ಜೀವವಾದರೆ ಟವೆಲ್ ಹೊದಿಸಿ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಇಟ್ಟು, ಕತ್ತಲೆಯಲ್ಲಿ ಸದ್ದಿಲ್ಲದ ಕಡೆ ಇರಿಸಿ. ಸುತ್ತ ನೆರೆದು ಫೋಟೋ ತೆಗೆಯುವ ಜನರ ಗದ್ದಲಕ್ಕೇ ಅರ್ಧ ಪ್ರಾಣ ಹೋಗುತ್ತದೆ. ನಾಯಿ ಕಚ್ಚಿತೋ ಪರಚಿತೋ, ನಲ್ಲಿ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ.

ಹಬ್ಬದ ಹೆಸರಲ್ಲಿ ಒಂದಿಷ್ಟು ದುಡ್ಡು ಕೊಡಬೇಕೆಂದಿದ್ದೇವೆ.

ಮೈಸೂರು ಮೃಗಾಲಯದಲ್ಲಿ ಪ್ರಾಣಿ ದತ್ತು ಪಡೆಯುವ ವ್ಯವಸ್ಥೆಯಿದೆ, ಮಗುವಿನ ಹುಟ್ಟುಹಬ್ಬಕ್ಕೆ ಒಂದು ಹಕ್ಕಿಯನ್ನಾದರೂ ತೆಗೆದುಕೊಳ್ಳಬಹುದು. ಆದರೆ ನನ್ನನ್ನು ಕೇಳಿದರೆ, ಮೊದಲು ನಿಮ್ಮ ಬೀದಿಯ ನಾಯಿಗಳಿಗೆ ರೇಬೀಸ್ ಲಸಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆಗೆ ಕೊಡಿ. ಅಥವಾ ಬೇಸಿಗೆಯಲ್ಲಿ ಬೆಂಕಿ ಕಾಯುವ ದಿನಗೂಲಿ ಕಾವಲುಗಾರರಿಗೆ ಬೂಟು, ಟಾರ್ಚು, ನೀರಿನ ಬಾಟಲಿ ಕೊಡಿಸಿ. ವಲಯ ಕಚೇರಿಯಲ್ಲಿ ಕೇಳಿದರೆ ಏನು ಬೇಕೆಂದು ಹೇಳುತ್ತಾರೆ.

ಬೇಸಿಗೆ ರಜೆಯಲ್ಲಿ ಮಕ್ಕಳಿಂದ ಏನು ಮಾಡಿಸಬಹುದು?

ನೀರಿನ ತಟ್ಟೆ. ಅಗಲವಾದ ಮಣ್ಣಿನ ತಟ್ಟೆ ಇರಲಿ, ಎರಡು ಬೆರಳಿನಷ್ಟೇ ಆಳ. ನಡುವೆ ಒಂದು ಒರಟು ಕಲ್ಲು ಇಡಿ, ಜೇನುಹುಳ ಅದರ ಮೇಲೆ ಕೂತು ಕುಡಿಯುತ್ತದೆ, ಮುಳುಗುವುದಿಲ್ಲ. ಬೆಕ್ಕು ಅಡಗಿ ಕೂರುವ ಪೊದೆಯಿಂದ ದೂರ, ನೆರಳಿನಲ್ಲಿ ಇಡಿ. ದಿನಾ ಬೆಳಿಗ್ಗೆ ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆದು ಹೊಸ ನೀರು ಹಾಕಬೇಕು. ಹಾಗೇ ಬಿಟ್ಟರೆ ಪಾಚಿ ಕಟ್ಟಿ ಸೊಳ್ಳೆ ಮರಿಯಾಗುತ್ತದೆ, ಹಕ್ಕಿಗೂ ಕಾಯಿಲೆ. ಪಕ್ಕದಲ್ಲೇ ಒಂದು ನೋಟ್‌ಬುಕ್ ಕಟ್ಟಿ ಇಡಿ: ಯಾವ ಹಕ್ಕಿ, ಎಷ್ಟು ಗಂಟೆಗೆ. ನಮ್ಮ ತಟ್ಟೆಗೆ ಬೆಳಿಗ್ಗೆ ಮೊದಲು ಮಡಿವಾಳ ಹಕ್ಕಿ, ಬಿಸಿಲೇರಿದ ಮೇಲೆ ಪಿಕಳಾರಗಳ ಜೋಡಿ, ಮೂರರ ಹೊತ್ತಿಗೆ ಅಳಿಲು. ಮಗಳ ಮಗ ಹೋದ ವರ್ಷ ಬರೆದ ಪುಟದಲ್ಲಿ ಒಂದು ಮಂಗಟ್ಟೆಯೂ ಇದೆ, ಪಕ್ಕದಲ್ಲಿ ಮೂರು ಆಶ್ಚರ್ಯಸೂಚಕ ಚಿಹ್ನೆ.

ರಜೆ ಮುಗಿದು ಮಕ್ಕಳು ಊರಿಗೆ ಹೊರಡುವ ಮೊದಲು ತಟ್ಟೆ ತೊಳೆಯುವ ಕೆಲಸ ಇನ್ನು ಯಾರದೆಂದು ಮಾತಾಡಿಕೊಳ್ಳಿ. ಜೂನ್‌ನಲ್ಲಿ ಮಳೆ ಹಿಡಿಯುವ ತನಕ ಆ ಮಡಿವಾಳ ಅದೇ ಹೊತ್ತಿಗೆ ಬಂದು ನೋಡುತ್ತದೆ.